ಜೆಲ್ಲಿ ಮೀನಿಗೆ ಹಚ್ಚಿದ ಟ್ಯಾಗ್ ಕಳಚಿಕೊಳ್ಳುತ್ತಿದೆ: ಪರಿಹಾರ ತಿಳಿಸಿ

ಅಲೆಮನೆ: ನಾವು ಜೆಲ್ಲಿ ಮೀನಿಗೆ ಹಚ್ಚುವ ಆಕ್ಸಲರೋಮೀಟರ್ (ಚಲನೆಯನ್ನು ಅಳೆದು ದಾಖಲಿಸುವ) ಟ್ಯಾಗ್ ಪ್ರತಿ ಸಲವೂ ಕೆಲವೇ ಗಂಟೆಗಳಲ್ಲಿ ಕಳಚಿಕೊಂಡು ಮೇಲಕ್ಕೆ ತೇಲಿಬರುತ್ತಿದೆ. ಅಂಟನ್ನು ಬದಲಾಯಿಸಿದೆವು, ಬಟ್ಟೆಯಿಂದ ಲೋಳೆಯನ್ನು ಒತ್ತಿ ತೆಗೆದೆವು, ಒಣಗಲು ಹೆಚ್ಚು ಹೊತ್ತು ಕೊಟ್ಟೆವು, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಈ ಜೆಲ್ಲಿ ಮೀನುಗಳು ದಡದ ಸಮೀಪ ಸಿಗುವ ಕಾಲ ಮುಗಿಯುತ್ತ ಬಂದಿದೆ, ಒಂದು ಪೂರ್ತಿ ಹಗಲಿನ ದಾಖಲೆಯೂ ಕೈಸೇರಿಲ್ಲ. ಇದಕ್ಕಿಂತ ಗಟ್ಟಿಯಾದ ಅಂಟು ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉಪ್ಪುನೀರು: ಪಶುವೈದ್ಯರು ಗಾಯ ಮುಚ್ಚಲು ಬಳಸುವ ಬ್ಯುಟೈಲ್ ಸೈಯನೋಅಕ್ರಿಲೇಟ್ ಅಂಟನ್ನೇ ಬಳಸಿ. ಆಸ್ಟ್ರೇಲಿಯಾದಲ್ಲಿ ಕೈರೋನೆಕ್ಸ್ ಎಂಬ ಪೆಟ್ಟಿಗೆ ಜೆಲ್ಲಿ ಮೀನುಗಳಿಗೆ ಧ್ವನಿ ಸಂಕೇತ ಹೊರಡಿಸುವ ಟ್ಯಾಗ್‌ಗಳನ್ನು ಅಂಟಿನಿಂದಲೇ ಹಚ್ಚಿ ಅವುಗಳ ಸಂಚಾರವನ್ನು ಗುರುತಿಸಿದ್ದಾರೆ.

ಅಲೆಮನೆ: ಅದನ್ನೇ ಬಳಸುತ್ತಿದ್ದೇವೆ, ಸರ್.

ಉಪ್ಪುನೀರು: ಹಾಗಿದ್ದರೆ ನೀವು ಹಚ್ಚುವ ಅಂಟಿನ ಪದರ ಅತಿ ದಪ್ಪವಾಗುತ್ತಿರಬಹುದು. ತೆಳುವಾಗಿ ಹಚ್ಚಿ, ಬೆರಳಿನಿಂದ ಅದುಮಿ ಹಿಡಿಯಿರಿ. ಲೋಳೆ ಪೂರ್ತಿ ಹೋಗಿರಲಿಕ್ಕಿಲ್ಲ; ಇನ್ನೊಮ್ಮೆ ಒರೆಸಿ ನೋಡಿ.

ದಕ್ಷಿಣದಂಡೆ: ಯಾವ ಜಾತಿ, ಟ್ಯಾಗ್ ಎಷ್ಟು ದೊಡ್ಡದು, ಮೈಯ ಯಾವ ಭಾಗಕ್ಕೆ ಹಚ್ಚುತ್ತಿದ್ದೀರಿ ಎಂಬುದನ್ನು ತಾವು ಹೇಳಿಯೇ ಇಲ್ಲ. ಇವು ತಿಳಿಯದೆ ಅಂಟಿನ ಹೆಸರು ಹೇಳುವುದರಿಂದ ಉಪಯೋಗವಿಲ್ಲ.

ಅಲೆಮನೆ: ವೇಲ್ಸ್‌ನ ಟ್ರೆಮಾಡಾಗ್ ಕೊಲ್ಲಿಯ ಬ್ಯಾರಲ್ ಜೆಲ್ಲಿ ಮೀನು, ಅಂದರೆ ರೈಜೋಸ್ಟೋಮಾ. ಛತ್ರಿಯ, ಅಂದರೆ ಮೈಯ ಮೇಲಿನ ಗುಮ್ಮಟದಂಥ ಭಾಗದ, ನೆತ್ತಿಗೆ ಹಚ್ಚುತ್ತೇವೆ. ಟ್ಯಾಗ್ ಮುಳುಗದಂತೆ ಅದಕ್ಕೆ ತೇಲುವ ಫೋಮ್ ಕಟ್ಟಿದ್ದೇವೆ.

ಉಪ್ಪುನೀರು: ಟ್ಯಾಗ್‌ನ ತೂಕ ಪ್ರಾಣಿಯ ದೇಹತೂಕದ ಶೇಕಡಾ 3ನ್ನು ಮೀರದಿದ್ದರೆ ಸಾಕು. ಬ್ಯಾರಲ್ ಜೆಲ್ಲಿ ಮೀನು ಹತ್ತಾರು ಕಿಲೋ ತೂಗುವಷ್ಟು ಬೆಳೆಯುವುದರಿಂದ ತೂಕದ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ದಕ್ಷಿಣದಂಡೆ: ಆ ಲೆಕ್ಕ ಹಾರುವ ಹಕ್ಕಿಗೆ ಸರಿ, ಇಲ್ಲಿಗೆ ಸಲ್ಲದು. ಜೆಲ್ಲಿ ಮೀನಿನ ಮೈಯಲ್ಲಿ ಸುಮಾರು ಶೇಕಡಾ 95 ನೀರೇ ಇರುವುದರಿಂದ ಸಮುದ್ರದೊಳಗೆ ಅದಕ್ಕೆ ತೂಕವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಾಳಿಯಲ್ಲಿ 20 ಗ್ರಾಂ ತೂಗುವ ಟ್ಯಾಗ್ 12 ಘನ ಸೆಂಟಿಮೀಟರ್ ನೀರನ್ನು ಸರಿಸಿದರೆ ಉಳಿಯುವ ಭಾರ ಸುಮಾರು 8 ಗ್ರಾಂ, ಅಷ್ಟೂ ಒಂದೇ ಕಡೆಗೆ ಜಗ್ಗುತ್ತದೆ. ಫೋಮ್ ಅತಿಯಾದರೆ ಅದೇ ಎಳೆತ ಮೇಲ್ಮುಖವಾಗುತ್ತದೆ. ಟ್ಯಾಗ್ ತೇಲಿಬರುತ್ತದೆ ಎಂದು ತಾವು ಮೊದಲೇ ಬರೆದಿದ್ದೀರಿ. ಛತ್ರಿ ಪ್ರತಿ ಬಡಿತಕ್ಕೂ ಮುದುಡಿ ಅರಳುವಾಗ ಒಣಗಿ ಗಡುಸಾದ ಅಂಟು ಬಾಗುವುದಿಲ್ಲ, ಪ್ರಾಣಿ ಹೊಸ ಲೋಳೆಯನ್ನು ಸ್ರವಿಸುತ್ತಲೇ ಇರುತ್ತದೆ, ಫೋಮ್ ಮೇಲಿನಿಂದ ಎಳೆಯುತ್ತಲೇ ಇರುತ್ತದೆ. ಇಷ್ಟು ಸೇರಿದ ಮೇಲೆ ಯಾವ ಅಂಟೂ ನಿಲ್ಲಲಾರದು.

ಉಪ್ಪುನೀರು: ಆಸ್ಟ್ರೇಲಿಯಾದಲ್ಲಿ ಹೇಗೆ ನಿಂತಿತು?

ದಕ್ಷಿಣದಂಡೆ: ಆ ಪ್ರಾಣಿಯೂ ಬೇರೆ, ಟ್ಯಾಗೂ ಚಿಕ್ಕದು. ರೈಜೋಸ್ಟೋಮಾಕ್ಕೆ ಛತ್ರಿಯ ಕೆಳಗೆ, ಬಾಯಿತೋಳುಗಳು ಹೊರಡುವಲ್ಲಿ, ದಪ್ಪನೆಯ ಕಾಂಡದಂಥ ಭಾಗವಿದೆ. 2015ರಲ್ಲಿ ಪ್ರಕಟವಾದ ಫ್ರಾನ್ಸ್ ಕರಾವಳಿಯ ಅಧ್ಯಯನದಲ್ಲಿ ಇದೇ ಜಾತಿಗೆ ಆಕ್ಸಲರೋಮೀಟರ್‌ಗಳನ್ನು ಆ ಕಾಂಡದ ಸುತ್ತ ಕೇಬಲ್ ಟೈ (ತಂತಿಗಳನ್ನು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಹಾಕಿ ಕಟ್ಟಿದ್ದರು. ತಾವೂ ಹಾಗೆಯೇ ಮಾಡಿ, ಆದರೆ ಟೈ ಅಂಗಾಂಶವನ್ನು ಕತ್ತರಿಸುವಷ್ಟು ಬಿಗಿಯಾಗಬಾರದು. ಪ್ರಾಣಿಯನ್ನು ದೋಣಿಗೆ ಎತ್ತದೆ ನೀರಿನೊಳಗೇ ಕೆಲಸ ಮುಗಿಸಿ. ಛತ್ರಿಯಡಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅದು ಸಹಜವಾಗಿ ಈಜಲಾರದು. ಫೋಮನ್ನು ಸ್ವಲ್ಪ ಸ್ವಲ್ಪವೇ ಕೊರೆದು, ಟ್ಯಾಗ್ ಬಕೆಟ್ಟಿನ ಸಮುದ್ರದ ನೀರಿನಲ್ಲಿ ಬಹು ನಿಧಾನವಾಗಿ ಮಾತ್ರ ಮೇಲೇರುವಂತೆ ಹೊಂದಿಸಿ. ಥರ್ಮೋಕೋಲ್ ಬೇಡ, ಆಳದಲ್ಲಿ ಅದು ಕುಗ್ಗಿ ತೇಲುವ ಗುಣ ಕಳೆದುಕೊಳ್ಳುತ್ತದೆ.

ಅಲೆಮನೆ: ಅಂಟು ತಾನಾಗಿ ಬಿಡುತ್ತಿದ್ದುದರಿಂದ ಟ್ಯಾಗ್ ವಾಪಸು ಸಿಗುತ್ತಿತ್ತು. ಟೈ ಕಟ್ಟಿದರೆ ಅದು ಕಳಚುವುದು ಹೇಗೆ?

ದಕ್ಷಿಣದಂಡೆ: ನಡುವೆ ಉಪ್ಪುನೀರಿನಲ್ಲಿ ಸವೆದು ತುಂಡಾಗುವ ಲೋಹದ ಕೊಂಡಿ ಹಾಕಿ. ಸವೆಯುವ ವೇಗ ನೀರಿನ ಉಷ್ಣತೆ ಮತ್ತು ಉಪ್ಪಿನಂಶಕ್ಕೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಪೊಟ್ಟಣದ ಮೇಲಿನ ಅವಧಿಯನ್ನು ನಂಬದೆ ತಮ್ಮ ಕೊಲ್ಲಿಯಲ್ಲೇ ಒಂದನ್ನು ಇಳಿಬಿಟ್ಟು ಪರೀಕ್ಷಿಸಿ.

ಉಪ್ಪುನೀರು: ಟೈಯ ಗಾಯಕ್ಕಿಂತ ಅಂಟು ಮೃದು ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ. ಹೈಡ್ರೋಜೆಲ್ (ನೀರು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ಜೆಲ್) ಅಂಟುಪಟ್ಟಿಗಳು ಬಾಗಬಲ್ಲವು, ಅವನ್ನೂ ಒಮ್ಮೆ ನೋಡಿ.

ಅಲೆಮನೆ: ಕೊಂಡಿಗಳನ್ನು ತರಿಸುತ್ತಿದ್ದೇನೆ. ಅಷ್ಟರಲ್ಲಿ ಒಂದು ಸಂದೇಹ: ಟೈಯ ಅಂಚಿಗೆ ಸಿಲಿಕೋನ್ ಕೊಳವೆ ತೊಡಿಸಿದರೆ ಅದು ಕಾಂಡದಿಂದ ಜಾರುತ್ತದೆಯೇ? ಪ್ರಯತ್ನಿಸಿದವರಿದ್ದರೆ ತಿಳಿಸಿ.