ಕೆಂಪು ಹಾಸಿನ ಮೇಲಿನ ಉಡುಪಿಗೆ ಅಂಕ ಕೊಡುವುದು ಯಾವ ಆಧಾರದ ಮೇಲೆ?

ಪ್ರಶ್ನೆ: ವಿದ್ಯಾನಗರದ ಓದುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮಹಿಳಾ ಸಮಾಜದವರು ಮೂರು ತಿಂಗಳಿಗೊಮ್ಮೆ ಹೊರತರುವ ಸಣ್ಣ ಪತ್ರಿಕೆಯಲ್ಲಿ, ಸಿನಿಮಾ ಪ್ರಶಸ್ತಿ ಸಮಾರಂಭಗಳ ಬಾಗಿಲಲ್ಲಿ ಹಾಸುವ ಕೆಂಪು ಹಾಸಿನ ಮೇಲೆ ನಡೆದುಬಂದ ತಾರೆಯರ ಉಡುಪುಗಳನ್ನು ಕುರಿತು ಎರಡು ಪುಟ ಬರೆಯುವ ಹೊಣೆ ಈ ಸಲ ನನ್ನ ಪಾಲಿಗೆ ಬಂದಿದೆ. ಹಿಂದಿನ ಸಂಚಿಕೆಗಳನ್ನು ತಿರುವಿ ಹಾಕಿದೆ. ಪ್ರತಿಯೊಬ್ಬ ನಟಿಯ ಭಾವಚಿತ್ರದ ಕೆಳಗೆ ಹತ್ತಕ್ಕೆ ಇಷ್ಟು ಎಂದು ಅಂಕವಿದೆ. ಅದರ ಪಕ್ಕದಲ್ಲಿ ‘ಮೈ ಬಂದಿದೆ’, ‘ಈ ವಯಸ್ಸಿಗೆ ಇದು ಬೇಕಿತ್ತೇ’, ‘ಇವರ ಮೈಬಣ್ಣಕ್ಕೆ ಒಪ್ಪುವುದಿಲ್ಲ’ ಎಂಬಂಥ ಒಂದೊಂದು ಸಾಲಿದೆ. ಓದುಗರು ಮೊದಲು ತೆರೆಯುವ ಪುಟ ಅದೇ ಎಂದು ಸಂಪಾದಕಿಯವರು ಹೇಳುತ್ತಾರೆ, ಆ ಮಾತು ಸುಳ್ಳೂ ಅಲ್ಲ. ಆದರೆ ಆ ಸಾಲುಗಳನ್ನು ಒಂದೊಂದಾಗಿ ಓದಿಕೊಂಡು ಹೋದರೆ, ಉಡುಪಿನ ಅಂಕಣದಲ್ಲಿ ಉಡುಪಿನ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದೆ ಎನ್ನಿಸುತ್ತದೆ.

ಹಾಗೆಂದು ‘ಎಲ್ಲರೂ ಚೆನ್ನಾಗಿ ಕಂಡರು’ ಎಂದು ಬರೆದು ಕೈತೊಳೆದುಕೊಳ್ಳುವ ಮನಸ್ಸೂ ನನಗಿಲ್ಲ. ಉಡುಪನ್ನು ಉಡುಪಾಗಿಯೇ ನೋಡಿ ಒಪ್ಪಬೇಕಾದರೆ, ಅಥವಾ ತಪ್ಪು ಹಿಡಿಯಬೇಕಾದರೆ, ನೀವು ಮೊದಲು ಗಮನಿಸುವುದು ಏನನ್ನು? ಮೊಳಕಾಲ್ಮುರು ಸೀರೆ ಉಟ್ಟವರನ್ನೂ ಪ್ಯಾರಿಸ್ಸಿನಲ್ಲಿ ಹೊಲಿಸಿದ ಗೌನು ತೊಟ್ಟವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಗಂಡಸರಿಗೆ ನಮ್ಮ ಪತ್ರಿಕೆಯಲ್ಲಿ ಇದುವರೆಗೆ ಅಂಕವನ್ನೇ ಕೊಟ್ಟಿಲ್ಲ, ಅವರನ್ನೂ ಸೇರಿಸಿಕೊಳ್ಳಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ಚೌಕಿಪೇಟೆಯ ದರ್ಜಿ, ದಾವಣಗೆರೆ

ಅಕ್ಕನವರೇ, ನಾನು ಫ್ಯಾಷನ್ ಓದಿದವನಲ್ಲ, ಹೊಲಿಗೆ ಅಂಗಡಿ ಇಟ್ಟುಕೊಂಡವನು. ಆದರೆ ಬಟ್ಟೆ ಮೈಮೇಲೆ ಕೂತಿದೆಯೋ ಇಲ್ಲವೋ ಎಂಬ ಲೆಕ್ಕ ಲಾಸ್ ಏಂಜಲೀಸಿಗೂ ಚೌಕಿಪೇಟೆಗೂ ಬೇರೆಯಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಗಂಡಸರಿಂದಲೇ ಶುರು ಮಾಡಿ, ಏಕೆಂದರೆ ಅಲ್ಲಿ ಕಣ್ಣು ಪಳಗುತ್ತದೆ. ಎಲ್ಲರೂ ಕಪ್ಪು ಕೋಟು ತೊಟ್ಟಿರುವಾಗ ಒಬ್ಬರು ಎದ್ದು ಕಂಡು ಇನ್ನೊಬ್ಬರು ಬಾಡಿಗೆ ಕೋಟು ತೊಟ್ಟವರಂತೆ ಕಾಣುವುದಕ್ಕೆ ಕಾರಣವೆಲ್ಲ ಕಟಿಂಗಿನಲ್ಲಿದೆ. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಯೇ ಮುಗಿಯಬೇಕು. ಒಂದು ಬೆರಳಿನಷ್ಟು ಆಚೆ ಹೋದರೂ ತೋಳಿನ ಮೇಲ್ಭಾಗದಲ್ಲಿ ಗುಳಿ ಬೀಳುತ್ತದೆ. ಕೋಟಿನ ಕಾಲರು ಕತ್ತಿನ ಹಿಂದೆ ಷರ್ಟಿನ ಕಾಲರಿಗೆ ಆತುಕೊಂಡಿರಬೇಕು. ನಡುವೆ ಸಂದು ಕಂಡರೆ ಬೆನ್ನಿನ ಅಳತೆಯನ್ನು ಸರಿಯಾಗಿ ತೆಗೆದಿಲ್ಲವೆಂದು ತಿಳಿಯಿರಿ. ಗುಂಡಿ ಹಾಕಿದಾಗ ಅದರಿಂದ ಎರಡೂ ಪಕ್ಕಕ್ಕೆ ಗೆರೆಗಳು ಎಳೆದಂತೆ ಕಂಡರೆ ಸೊಂಟದಲ್ಲಿ ಬಿಗಿಯಾಗಿದೆ ಎಂದರ್ಥ. 2023ರ ಆಸ್ಕರ್ ಸಮಾರಂಭಕ್ಕೆ ಜೂನಿಯರ್ ಎನ್.ಟಿ.ಆರ್. ಅವರು ಗೌರವ್ ಗುಪ್ತಾ ಅವರು ಮಾಡಿಕೊಟ್ಟ ಕಪ್ಪು ಮಕಮಲ್ಲಿನ ಬಂದ್‌ಗಲಾ (ಕತ್ತಿನವರೆಗೆ ಮುಚ್ಚುವ ಕೋಟು) ತೊಟ್ಟು ಬಂದಿದ್ದರಲ್ಲ, ಅದರ ಭುಜದ ಮೇಲಿನ ಚಿನ್ನದ ಹುಲಿಯನ್ನು ಎಲ್ಲರೂ ಹೊಗಳಿದರು. ಮಕಮಲ್ಲಿನ ಕೆಲಸದಲ್ಲಿ ದರ್ಜಿಯ ನಿಜವಾದ ಪರೀಕ್ಷೆ ಬೇರೆಯೇ ಇದೆ. ಆ ಬಟ್ಟೆಯ ನವಿರಿಗೆ ಒಂದು ದಿಕ್ಕು ಇರುತ್ತದೆ, ಎದೆಯ ತುಂಡನ್ನು ಒಂದು ದಿಕ್ಕಿಗೂ ತೋಳಿನ ತುಂಡನ್ನು ಇನ್ನೊಂದು ದಿಕ್ಕಿಗೂ ಕತ್ತರಿಸಿಬಿಟ್ಟರೆ ಕ್ಯಾಮೆರಾದ ಬೆಳಕಿನಲ್ಲಿ ಒಂದೇ ಕೋಟು ಎರಡು ಬಣ್ಣವಾಗಿ ಕಾಣುತ್ತದೆ. ಮುಂದಿನ ಸಲ ಯಾರಾದರೂ ಮಕಮಲ್ಲು ತೊಟ್ಟು ಬಂದರೆ ಕಸೂತಿಗಿಂತ ಮೊದಲು ಅದನ್ನು ನೋಡಿ.

ಇನ್ನು ಗೌನು. ಭುಜಕ್ಕೆ ಪಟ್ಟಿಯೇ ಇಲ್ಲದ ಗೌನು ಎದೆಯ ಮೇಲೆ ನಿಂತಿದೆ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಅದು ನಿಲ್ಲುವುದು ಸೊಂಟದ ಮೇಲೆ. ಒಳಗಡೆ ಕಡ್ಡಿಗಳನ್ನು ಕೂರಿಸಿದ ಒಂದು ಬಿಗಿ ಕವಚವಿರುತ್ತದೆ, ಸೊಂಟದ ಸುತ್ತ ಒಳಪಟ್ಟಿಯಿರುತ್ತದೆ. ಭಾರವೆಲ್ಲ ಆ ಪಟ್ಟಿಯ ಮೇಲೆ. ಆ ಕೆಲಸ ಸರಿಯಾಗಿ ಆಗಿದ್ದರೆ ತೊಟ್ಟವರ ಕೈ ಒಮ್ಮೆಯೂ ಎದೆಯ ಹತ್ತಿರ ಹೋಗುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಾರೆಂದರೆ ಅದು ಹೊಲಿದವರ ತಪ್ಪು. ಕಂಕುಳಿನ ಬಳಿ ಚರ್ಮ ಉಬ್ಬಿ ಕಂಡಾಗ ನಿಮ್ಮ ಹಿಂದಿನ ಸಂಚಿಕೆಯವರು ‘ಮೈ ಬಂದಿದೆ’ ಎಂದು ಬರೆದಿದ್ದಾರೆ. ನೀವು ‘ಮೇಲಂಚನ್ನು ಬಿಗಿಯಾಗಿ ಕತ್ತರಿಸಿದ್ದಾರೆ’ ಎಂದು ಬರೆಯಿರಿ. ಕಂಡದ್ದು ಒಂದೇ, ಆದರೆ ಎರಡನೆಯ ಮಾತಿನಲ್ಲಿ ಓದುಗರಿಗೆ ತಿಳಿದುಕೊಳ್ಳುವುದಕ್ಕೆ ಏನಾದರೂ ಇದೆ. ದೇಹಕ್ಕೆ ತಕ್ಕಂತೆ ಬಟ್ಟೆಯನ್ನು ಕತ್ತರಿಸುವುದಕ್ಕಾಗಿಯೇ ನಮ್ಮಂಥವರು ಇರುವುದು. ಬಟ್ಟೆಗೆ ತಕ್ಕಂತೆ ದೇಹ ಇರಲಿಲ್ಲವೆಂದು ಗಿರಾಕಿಯನ್ನು ದೂರುವ ದರ್ಜಿಯ ಅಂಗಡಿಗೆ ಯಾರು ಬರುತ್ತಾರೆ?

ಭಾವಚಿತ್ರವೊಂದನ್ನೇ ನೋಡಿ ಅಂಕ ಕೊಡಬೇಡಿ, ನಡೆಯುವಾಗ ನೋಡಿ. ಕೆಳಅಂಚಿನ ಉದ್ದವನ್ನು ಅದೇ ದಿನ ಹಾಕುವ ಪಾದರಕ್ಷೆಯ ಮೇಲೆ ನಿಲ್ಲಿಸಿಯೇ ಗುರುತು ಮಾಡಿದ್ದರೆ ಬಟ್ಟೆ ನೆಲವನ್ನು ತಾಗಿಯೂ ತಾಗದಂತೆ ಬರುತ್ತದೆ, ಇಲ್ಲದಿದ್ದರೆ ಎರಡೂ ಕೈಯಿಂದ ಎತ್ತಿಕೊಂಡು ನಡೆಯಬೇಕಾಗುತ್ತದೆ. ಸ್ಯಾಟಿನ್ ಆದರೆ ಕಾರಿನಲ್ಲಿ ಕೂತು ಬಂದ ಸುಕ್ಕು ಹೊಟ್ಟೆಯ ಮೇಲೆ ಅಡ್ಡಡ್ಡ ಗೆರೆಯಾಗಿ ಉಳಿದುಬಿಡುತ್ತದೆ; ಇಸ್ತ್ರಿ ಎಷ್ಟೇ ಚೆನ್ನಾಗಿ ಮಾಡಿದ್ದರೂ ಆ ಬಟ್ಟೆಯ ಗುಣವೇ ಅದು. ಅಂಥ ಬಟ್ಟೆಯನ್ನು ಅಷ್ಟು ದೂರದ ಪ್ರಯಾಣಕ್ಕೆ ಆರಿಸಿಕೊಂಡದ್ದು ಸರಿಯೇ ಎಂದು ಕೇಳುವ ಹಕ್ಕು ನಿಮಗೆ ಖಂಡಿತ ಇದೆ.

ಉತ್ತರ 2: ಕೋಟೆ ರಸ್ತೆಯ ಮೇಷ್ಟ್ರು, ಚಿತ್ರದುರ್ಗ

ದರ್ಜಿಯವರ ಮಾತಿಗೆ ನಾನು ಸೇರಿಸಬೇಕಾದ್ದು, ಆ ಉಡುಪು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು. ಮೇಡಂ ಅವರೇ, ದೊಡ್ಡ ಪ್ರಶಸ್ತಿ ಸಮಾರಂಭಗಳಲ್ಲಿ ನಾವು ನೋಡುವ ಉಡುಪುಗಳಲ್ಲಿ ಬಹುಪಾಲು ತೊಟ್ಟವರ ಸ್ವಂತದ್ದಲ್ಲ. ಫ್ಯಾಷನ್ ಸಂಸ್ಥೆಯವರು ಆ ಸಂಜೆಗೆಂದು ಎರವಲು ಕೊಟ್ಟಿರುತ್ತಾರೆ, ಮಾರನೆಯ ದಿನ ಹಿಂದಕ್ಕೆ ಹೋಗುತ್ತದೆ. ಆಭರಣಗಳದ್ದೂ ಅದೇ ಕಥೆ. ನಡುವೆ ತಾರೆಯರಿಗೆ ಉಡುಪು ಆರಿಸಿಕೊಡುವ ಸ್ಟೈಲಿಸ್ಟ್ ಎಂಬ ವೃತ್ತಿಯವರು ಇರುತ್ತಾರೆ, ಅನೇಕ ಸಲ ಒಪ್ಪಂದವೂ ಹಣವೂ ಇರುತ್ತವೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯವರು 2022ರಲ್ಲಿ ಲೂಯಿ ವಿಟಾನ್ ಎಂಬ ಫ್ಯಾಷನ್ ಸಂಸ್ಥೆಯ ರಾಯಭಾರಿಯಾದರು. 2023ರ ಆಸ್ಕರ್ ವೇದಿಕೆಯ ಮೇಲೆ ‘ನಾಟು ನಾಟು’ ಹಾಡನ್ನು ಪರಿಚಯಿಸಿದಾಗ ಅವರು ತೊಟ್ಟಿದ್ದು ಅದೇ ಸಂಸ್ಥೆಯ ಕಪ್ಪು ಗೌನು, ಆಭರಣ ಅವರು ರಾಯಭಾರಿಯಾಗಿದ್ದ ಇನ್ನೊಂದು ಸಂಸ್ಥೆಯಾದ ಕಾರ್ಟಿಯೆಯದು. ಭಾರತದ ಹಾಡಿನ ದಿನ ಸೀರೆ ಉಡಬಾರದಿತ್ತೇ ಎಂದು ನಮ್ಮ ಕಡೆ ಅನೇಕರು ಗೊಣಗಿದರು. ಆ ಗೊಣಗಾಟವನ್ನು ಬರೆಯುವವರು ಒಪ್ಪಂದದ ಸಂಗತಿಯನ್ನೂ ಪಕ್ಕದಲ್ಲಿಯೇ ಬರೆದರೆ ಓದುಗರು ತಾವೇ ತೀರ್ಮಾನಕ್ಕೆ ಬರುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಗೌನು ಅವರಿಗೆ ಬಹಳ ಚೆನ್ನಾಗಿ ಒಪ್ಪಿತ್ತು, ಆದರೆ ಅದನ್ನು ಅವರ ಅಭಿರುಚಿಯ ಸಾಕ್ಷಿಯೆಂದು ನಾನು ಎತ್ತಿ ಹಿಡಿಯಲಾರೆ.

ಹೀಗಾಗಿ ‘ಇವರಿಗೆ ರುಚಿಯಿಲ್ಲ’ ಎಂದು ಬರೆಯುವ ಬದಲು ‘ಈ ಆಯ್ಕೆ ಸರಿಹೊಂದಲಿಲ್ಲ’ ಎಂದು ಬರೆಯುವುದು ಬರಿಯ ಸೌಜನ್ಯವಲ್ಲ, ಸತ್ಯಕ್ಕೆ ಹತ್ತಿರವಾದದ್ದು.

ನಾಲಿಗೆಯ ಹರಿತದ ವಿಷಯಕ್ಕೆ ಬಂದರೆ, ಈ ಚಟ ನಮ್ಮ ಮಹಿಳಾ ಸಮಾಜಗಳಲ್ಲಿ ಹುಟ್ಟಿದ್ದೇನೂ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಹಾಸ್ಯಗಾರ್ತಿ ಜೋನ್ ರಿವರ್ಸ್ ಅವರು ಸಮಾರಂಭದ ಬಾಗಿಲಲ್ಲಿ ಮೈಕು ಹಿಡಿದು ನಿಂತು, ಯಾರು ಮಾಡಿದ ಉಡುಪು ತೊಟ್ಟು ಬಂದಿದ್ದೀರಿ ಎಂದು ಕೇಳುವುದನ್ನು ಒಂದು ಸಂಪ್ರದಾಯವನ್ನಾಗಿಯೇ ಮಾಡಿಬಿಟ್ಟರು. ಆಮೇಲೆ ತಾರೆಯರನ್ನು ನಿರ್ದಯವಾಗಿ ಲೇವಡಿ ಮಾಡುವ ಕಾರ್ಯಕ್ರಮಗಳು ಅಲ್ಲಿ ದೊಡ್ಡ ಉದ್ಯಮವಾದವು. 2014ರಲ್ಲಿ ಇಂಥದೇ ಸಮಾರಂಭವೊಂದರಲ್ಲಿ ನಟಿ ಕೇಟ್ ಬ್ಲಾಂಚೆಟ್ ಅವರ ಮೈಯುದ್ದಕ್ಕೂ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ಹರಿದಾಡತೊಡಗಿದಾಗ ಅವರು ಬಗ್ಗಿ ಕ್ಯಾಮೆರಾವನ್ನೇ ದಿಟ್ಟಿಸಿ, ಗಂಡಸರಿಗೂ ಹೀಗೆಯೇ ಮಾಡುತ್ತೀರಾ ಎಂದು ಕೇಳಿದ್ದರು. ಮರುವರ್ಷ, ಆಸ್ಕರ್ ಸಮಾರಂಭಕ್ಕೆ ಜಡೆಗಟ್ಟಿದ ಕೂದಲಿನಲ್ಲಿ ಬಂದ ಝೆಂಡಾಯಾ ಎಂಬ ಎಳೆಯ ನಟಿಯ ಕೂದಲಿನ ವಾಸನೆಯ ಬಗ್ಗೆ ಟಿ.ವಿ. ನಿರೂಪಕಿಯೊಬ್ಬರು ಹಗುರವಾದ ಮಾತನಾಡಿದರು. ಆ ನಟಿ ಅದೇ ಕೂದಲಿನ ವಿನ್ಯಾಸವಿರುವ ತನ್ನ ತಂದೆ, ಸೋದರ ಮತ್ತು ಸಾಧಕರ ಉದಾಹರಣೆ ಕೊಟ್ಟು ಶಾಂತವಾಗಿ ಉತ್ತರಿಸಿದ ಮೇಲೆ ನಿರೂಪಕಿಯು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ನಿಮ್ಮ ಪತ್ರಿಕೆಯ ‘ಮೈಬಣ್ಣಕ್ಕೆ ಒಪ್ಪುವುದಿಲ್ಲ’ ಎಂಬ ಸಾಲು ಇದೇ ಜಾತಿಯದು. ಅದನ್ನು ಈ ಸಂಚಿಕೆಯಿಂದಲೇ ಕೈಬಿಡಿ.

ಉತ್ತರ 3: ಸೀರೆ ವ್ಯಾಪಾರಿ, ಮೊಳಕಾಲ್ಮುರು

ನಮ್ಮ ಊರಿನ ಹೆಸರು ಪ್ರಶ್ನೆಯಲ್ಲಿಯೇ ಬಂದಿರುವುದರಿಂದ ಸುಮ್ಮನಿರಲಾಗಲಿಲ್ಲ. ಸೀರೆಯನ್ನೂ ಗೌನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಗೌನಿನ ಆಕಾರವನ್ನು ಹೊಲಿದವರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಸೀರೆಯ ಆಕಾರ ಉಟ್ಟವರ ಕೈಯಲ್ಲಿ ಅದೇ ಗಳಿಗೆಯಲ್ಲಿ ಆಗುವಂಥದು. ಆದ್ದರಿಂದ ಸೀರೆಯಲ್ಲಿ ನೋಡಬೇಕಾದ್ದು ನೆರಿಗೆ: ಎಲ್ಲ ನೆರಿಗೆಗಳೂ ಒಂದೇ ಅಗಲಕ್ಕೆ ಬಂದು ಕೆಳಗೆ ಅಂಚು ಒಂದರ ಮೇಲೊಂದು ಕೂತಿದೆಯೇ, ನಡೆಯುವಾಗ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುತ್ತದೆಯೇ, ಭುಜದ ಮೇಲಿನ ಸೆರಗಿನ ಅಂಚು ರವಿಕೆಯ ಬಣ್ಣವನ್ನು ನುಂಗಿಹಾಕಿದೆಯೇ ಎಂಬುದನ್ನು ನೋಡಿ. ನಮ್ಮ ಕಡೆಯ ರೇಷ್ಮೆ ಸೀರೆಯಲ್ಲಿ ಅಂಚಿಗೇ ಬೇರೆ ಲಾಳಿ, ಒಡಲಿಗೇ ಬೇರೆ ಲಾಳಿ ಓಡಿಸಿ ಎರಡು ಬಣ್ಣ ಒಂದರೊಳಗೊಂದು ಹರಿಯದಂತೆ ನೇಯುತ್ತಾರೆ. ಅಂಥ ಸೀರೆಯನ್ನು ಪಿನ್ನು ಹೊಡೆದು, ಕೆಳಗೆ ಕ್ಯಾನ್‌ಕ್ಯಾನ್ ಎಂಬ ಬಿರುಸು ಒಳಲಂಗ ಹಾಕಿ ಗೌನಿನಂತೆ ಉಬ್ಬಿಸಿದರೆ ನೇಯ್ದವರ ಶ್ರಮವೆಲ್ಲ ಮಡಿಕೆಯೊಳಗೆ ಮುಚ್ಚಿಹೋಗುತ್ತದೆ. ಹಾಗೆ ಉಬ್ಬಿಸಿದವರಿಗೆ ನಾನಂತೂ ಅಂಕ ಕೊಡುವುದಿಲ್ಲ.

ಇನ್ನೊಂದು ಸಂಗತಿ. 2024ರಲ್ಲಿ ಆಲಿಯಾ ಭಟ್ ಅವರು ನ್ಯೂಯಾರ್ಕಿನ ಮೆಟ್ ಗಾಲಾಕ್ಕೆ ಸಬ್ಯಸಾಚಿ ಸಂಸ್ಥೆಯ ಸೀರೆ ಉಟ್ಟು ಹೋದಾಗ, 163 ಮಂದಿ 1965 ಗಂಟೆ ದುಡಿದು ಮಾಡಿದ್ದು ಎಂಬ ಲೆಕ್ಕ ಎಲ್ಲೆಡೆ ಪ್ರಕಟವಾಯಿತು. ಅದು ಪ್ರಶಸ್ತಿ ಸಮಾರಂಭವಲ್ಲ, ವಸ್ತುಸಂಗ್ರಹಾಲಯವೊಂದಕ್ಕೆ ಹಣ ಕೂಡಿಸುವ ಕೂಟ. ಆದರೂ ಲೆಕ್ಕ ಹೇಳುವ ಈ ರೂಢಿ ಈಗ ಎಲ್ಲ ಕೆಂಪು ಹಾಸುಗಳಿಗೂ ಹಬ್ಬಿದೆ. ಕೈಗಳ ಲೆಕ್ಕ ಹೇಳುವುದು ಒಳ್ಳೆಯದೇ, ಹಿಂದೆ ಅದನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಆದರೆ ಗಂಟೆ ಹೆಚ್ಚಾದ ಮಾತ್ರಕ್ಕೆ ಸೀರೆ ಚೆಲುವಾಗುವುದಿಲ್ಲ. ನಮ್ಮಲ್ಲಿಯೇ ತಿಂಗಳುಗಟ್ಟಲೆ ನೇಯ್ದ ಕೆಲವು ಸೀರೆಗಳು ಬಣ್ಣದ ಜೋಡಣೆ ಕೆಟ್ಟು ಬೀರುವಿನಲ್ಲಿಯೇ ಉಳಿದುಬಿಡುವುದುಂಟು.

ಬಣ್ಣದ ಬಗ್ಗೆ ಕೊನೆಯದಾಗಿ: ಹಿನ್ನೆಲೆ ಏನೆಂಬುದನ್ನು ಮರೆಯಬೇಡಿ. ಕೆಂಪು ಹಾಸಿನ ಮೇಲೆ ಕೆಂಪು ಉಟ್ಟರೆ ಸೀರೆಯ ಕೆಳಭಾಗವೇ ಕಾಣೆಯಾಗುತ್ತದೆ. ಆಸ್ಕರಿನವರು 1961ರಿಂದ ಕೆಂಪು ಹಾಸನ್ನೇ ಹಾಸುತ್ತಿದ್ದು 2023ರಲ್ಲಿ ಶಾಂಪೇನ್ ಎಂಬ ತಿಳಿ ಹೊಂಬಣ್ಣಕ್ಕೆ ಬದಲಿಸಿದಾಗ, ಕೆಂಪು ಉಟ್ಟವರಿಗೆ ಅನುಕೂಲವಾಯಿತು, ತಿಳಿ ಬಣ್ಣದವರು ಮಸುಕಾದರು.

ಉತ್ತರ 4: ನಿಜಲಿಂಗಪ್ಪ ಬಡಾವಣೆಯಿಂದ, ದಾವಣಗೆರೆ

ಹಿರಿಯರೆಲ್ಲರ ಮಾತನ್ನು ಗೌರವಿಸಿಯೇ ಒಂದು ತಕರಾರು ಎತ್ತುತ್ತೇನೆ. ನೀವು ಹೇಳಿದ ಅಳತೆಗಳಂತೆ ನೋಡಿದರೆ ಭುಜ ಸರಿಯಿರುವ, ನೆರಿಗೆ ಸರಿಯಿರುವ, ಯಾರಿಗೂ ನೋವಾಗದ ಉಡುಪುಗಳಿಗೇ ಅಂಕವೆಲ್ಲ ಹೋಗುತ್ತದೆ. ಆಗಲೇ ಸ್ಟೈಲಿಸ್ಟುಗಳು ‘ಕೆಟ್ಟ ಉಡುಪಿನವರು’ ಎಂಬ ಪಟ್ಟಿಗೆ ಹೆದರಿ ಎಲ್ಲರಿಗೂ ಒಂದೇ ಬಗೆಯ ಗೌನು ತೊಡಿಸುತ್ತಿದ್ದಾರೆ. 2001ರ ಆಸ್ಕರಿಗೆ ಐಸ್‌ಲೆಂಡಿನ ಗಾಯಕಿ ಬ್ಯೋರ್ಕ್ ಅವರು ಹಂಸವೊಂದು ಕೊರಳಿಗೆ ಸುತ್ತಿಕೊಂಡಂತಿರುವ ಉಡುಪು ತೊಟ್ಟು ಬಂದು, ನಡೆಯುತ್ತ ನಡೆಯುತ್ತ ಹಾಸಿನ ಮೇಲೆ ಮೊಟ್ಟೆ ಇಡುವಂತೆ ಅಭಿನಯಿಸಿದರು. ಆಗ ಅವರನ್ನು ನಗೆಪಾಟಲು ಮಾಡದ ಪತ್ರಿಕೆಯಿರಲಿಲ್ಲ. 2015ರಲ್ಲಿ ಅದೇ ಉಡುಪು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿತ್ತು. ಚೌಕಿಪೇಟೆಯವರ ಟೇಪಿನಲ್ಲಿ ಅದಕ್ಕೆ ಎಷ್ಟು ಅಂಕ ಬರುತ್ತಿತ್ತು? 2000ದ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಗಾಯಕಿ ಜೆನಿಫರ್ ಲೋಪೆಜ್ ಅವರು ತೊಟ್ಟ, ಎದೆ ಆಳವಾಗಿ ತೆರೆದ, ವೆರ್ಸಾಚೆ ಸಂಸ್ಥೆಯ ಹಸಿರು ಉಡುಪನ್ನಂತೂ ಜನ ಎಷ್ಟು ಹುಡುಕಿದರೆಂದರೆ, ಗೂಗಲ್‌ನವರು ಚಿತ್ರಗಳನ್ನು ಹುಡುಕುವ ಸೌಲಭ್ಯವನ್ನು ತರುವುದಕ್ಕೆ ಅದೂ ಒಂದು ಪ್ರೇರಣೆಯಾಯಿತೆಂದು ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರೇ ಬರೆದುಕೊಂಡಿದ್ದಾರೆ. ಮರ್ಯಾದೆಯ ಅಳತೆಗೆ ಅದೂ ನಿಲ್ಲುವುದಿಲ್ಲ.

ಎದೆಗಾರಿಕೆಗೂ ಒಂದಿಷ್ಟು ಅಂಕ ತೆಗೆದಿಡಿ ಎಂಬುದಷ್ಟೇ ನನ್ನ ಕೋರಿಕೆ. ಜೊತೆಗೆ, ತೊಟ್ಟವರು ಯಾವ ಕಟ್ಟಳೆಗಳ ಒಳಗೆ ಆರಿಸಿಕೊಂಡರು ಎಂಬುದನ್ನೂ ತಿಳಿದು ಬರೆಯಿರಿ. 2015ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಹಿಮ್ಮಡಿ ಎತ್ತರವಿಲ್ಲದ ಪಾದರಕ್ಷೆ ಹಾಕಿಕೊಂಡು ಬಂದ ಕೆಲವು ಮಹಿಳೆಯರನ್ನು ಬಾಗಿಲಲ್ಲಿಯೇ ತಡೆದರೆಂದು ದೊಡ್ಡ ಗಲಾಟೆಯಾಗಿತ್ತು. 2025ರಲ್ಲಿ ಅಲ್ಲಿಯವರು ನಗ್ನತೆಯನ್ನೂ, ದಾರಿಗೆ ಅಡ್ಡವಾಗುವಷ್ಟು ಉದ್ದ ಬಾಲದ ಉಡುಪುಗಳನ್ನೂ ನಿಷೇಧಿಸಿದರು.

ಚೌಕಿಪೇಟೆಯ ದರ್ಜಿ

ತಮ್ಮಾ, ಹಂಸಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ. ಅಷ್ಟು ದೊಡ್ಡ ಹಕ್ಕಿಯ ಕೊರಳು ಜಾರದೆ ಅವರ ಭುಜದ ಮೇಲೆ ಇಡೀ ಸಂಜೆ ನಿಂತಿತಲ್ಲ, ಒಳಗಿನ ಕೆಲಸ ಗಟ್ಟಿಯಾಗಿತ್ತು. ನನ್ನ ಟೇಪು ಅಳೆಯುವುದು ಧೈರ್ಯ ಮಾಡಿದರೋ ಇಲ್ಲವೋ ಎಂಬುದನ್ನಲ್ಲ, ಮಾಡಿದ ಧೈರ್ಯವನ್ನು ಹೊಲಿಗೆ ಹೊತ್ತಿತೋ ಇಲ್ಲವೋ ಎಂಬುದನ್ನು.

ವಿದ್ಯಾನಗರದ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಸಂಪಾದಕಿಯವರೊಂದಿಗೆ ಮಾತನಾಡಿದೆ, ಅಂಕಗಳನ್ನು ತೆಗೆಯುವುದಕ್ಕೆ ಅವರು ಒಪ್ಪಲಿಲ್ಲ, ಆದರೆ ಅಂಕ ಉಡುಪಿನದು ಮಾತ್ರ ಎಂದು ಪುಟದ ತಲೆಯಲ್ಲಿ ಅಚ್ಚು ಹಾಕುವುದಕ್ಕೂ, ಉಡುಪು ಮಾಡಿದವರ ಹೆಸರನ್ನು ತೊಟ್ಟವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುವುದಕ್ಕೂ ಒಪ್ಪಿದ್ದಾರೆ. ಸೀರೆಗಳಿಗೆ ಬೇರೆ ಪುಟ. ಗಂಡಸರೂ ಈ ಸಲ ಸೇರುತ್ತಾರೆ. ದರ್ಜಿಯಣ್ಣನವರೇ, ಕೋಟಿನ ಬೆನ್ನು ನೋಡಿ ಎಂದಿರಿ; ಪತ್ರಿಕೆಗಳಲ್ಲಿ ಬರುವ ಚಿತ್ರಗಳೆಲ್ಲ ಮುಂಭಾಗದವೇ ಆಗಿರುತ್ತವಲ್ಲ, ಬೆನ್ನನ್ನು ಎಲ್ಲಿ ನೋಡಲಿ?

ಚೌಕಿಪೇಟೆಯ ದರ್ಜಿ

ಪ್ರಶಸ್ತಿ ಪಡೆಯುವುದಕ್ಕೆ ವೇದಿಕೆಯ ಮೆಟ್ಟಿಲು ಹತ್ತುವಾಗ ನೋಡಿ ಅಕ್ಕಾ. ಆಗ ಕ್ಯಾಮೆರಾ ಹಿಂದಿನಿಂದಲೇ ಇರುತ್ತದೆ, ಕಾಲು ಎತ್ತಿದ ಕೂಡಲೇ ಬೆನ್ನಿನ ಸೀಳು, ಸೊಂಟ, ಕೆಳಅಂಚು ಮೂರೂ ಒಟ್ಟಿಗೆ ಕಾಣಿಸುತ್ತವೆ.