ಐದು ಗಂಟೆಗೆ ಎಬ್ಬಿಸಿದರೆ ಸಾಕಂತೆ

ಭಾನುವಾರ ಚಿಕ್ಕಮ್ಮ ನಮ್ಮ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಸೂರ್ಯ ಹುಟ್ಟುವ ಚಿತ್ರ. ಕೆಳಗೆ ಬರಹ: "ಹದಿಹರೆಯದ ಮಕ್ಕಳ ಡಿಪ್ರೆಶನ್‌ಗೆ ಒಂದೇ ಕಾರಣ, ತಡವಾಗಿ ಏಳುವುದು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ. ಮೊಬೈಲ್ ಕಿತ್ತುಕೊಳ್ಳಿ. ನಮ್ಮ ಕಾಲದಲ್ಲಿ ಈ ಕಾಯಿಲೆ ಇತ್ತೇ? ದೊಡ್ಡ ವೈದ್ಯರೇ ಹೇಳಿದ್ದಾರೆ." ಬರಹ ಇನ್ನೂ ಉದ್ದ ಇತ್ತು. ಪೂರ್ತಿ ತೆರೆದು ನೋಡಿದವರು ಯಾರೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಚಿಕ್ಕಮ್ಮ: ನಮ್ಮ ಮಗಳದ್ದೂ ಇದೇ ಕತೆ. ರಜಾ ಬಂದರೆ ಒಂಬತ್ತಾದರೂ ಏಳಲ್ಲ. ಮಾತಾಡಿಸಿದರೆ ಸಿಡುಕು. ಸೆಕೆಂಡ್ ಪಿಯುಸಿ ಬೇರೆ.

ದೊಡ್ಡಪ್ಪ: ನೂರಕ್ಕೆ ನೂರು ಸತ್ಯ. ಶಿಸ್ತು ತಪ್ಪಿದರೆ ಮನಸ್ಸು ಕೆಡುತ್ತದೆ. ಇಷ್ಟು ವರ್ಷ ಮೇಷ್ಟ್ರಾಗಿದ್ದೆ, ಎಷ್ಟು ಮಕ್ಕಳನ್ನು ನೋಡಿಲ್ಲ ನಾನು.

ಭಾವ: ಯಾವ ವೈದ್ಯರು? ಎಲ್ಲಿ ಹೇಳಿದ್ದು?

ಚಿಕ್ಕಮ್ಮ: ಕಾಲೇಜು ತಾಯಂದಿರ ಗುಂಪಿನಲ್ಲಿ ಬಂತು ಅಳಿಯಂದಿರೇ.

ದೊಡ್ಡಪ್ಪ: ಅಳಿಯಂದಿರಿಗೆ ಎಲ್ಲದಕ್ಕೂ ದಾಖಲೆ ಬೇಕು. ಕೊರೊನಾ ಟೈಮಿನಲ್ಲಿ ನಾನು ಕಷಾಯದ ವಿಷಯ ಹಾಕಿದಾಗಲೂ ಹೀಗೇ ಎಲ್ಲರ ಮುಂದೆ ಕೇಳಿದ್ದರು.

ಭಾವ: ಆಗಲೂ ನೀವು ಉತ್ತರ ಕೊಡಲಿಲ್ಲ ಮಾವ.

ಅಕ್ಕ: ರೀ, ಸುಮ್ನೆ ಬಿಡಿ. ದೊಡ್ಡಪ್ಪ, ನೀವೂ ಬಿಡಿ.

ಇಬ್ಬರೂ ಬಿಡಲಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿಯನ್ನು ಭಾವ ತಂದು ಹಾಕಿದರು. 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು ಅಂತ. ಅದರಲ್ಲಿ ಕರ್ನಾಟಕ ಇದೆಯಾ ಎಂದರು ದೊಡ್ಡಪ್ಪ. ಆಯ್ದ 12 ರಾಜ್ಯಗಳಲ್ಲಿ ಇಲ್ಲ, ಆದರೆ ಮೊದಲ ಪ್ರಯೋಗ ನಡೆದದ್ದು ಕೋಲಾರದಲ್ಲೇ ಎಂದರು ಭಾವ. ಹಾಗಾದರೆ ಇಲ್ಲ ಅಂತಾಯಿತಲ್ಲ ಎಂದರು ದೊಡ್ಡಪ್ಪ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೂರು ನಾಲ್ಕು ಮಕ್ಕಳು ಅಂತ ಆ ಅಂಕಿಯ ಅರ್ಥ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಹಾಜರಿ ಕರೆಯುವಾಗ ಆ ಮೂರು ನಾಲ್ಕು ಯಾರಿರಬಹುದು ಎಂದು ಹುಡುಕುತ್ತಲೇ ಇರುತ್ತೇನೆ.

ಅಷ್ಟರಲ್ಲಿ ಮೈಸೂರಿನ ಅಣ್ಣ ಬಂದ.

ಅಣ್ಣ: ಐದು ಗಂಟೆ ಅಂದ ಕೂಡಲೇ ಹೊಳೆನರಸೀಪುರದ ಅಜ್ಜಿ ಮನೆ ನೆನಪಾಯಿತು. ಹಂಡೆ ಒಲೆಗೆ ತೆಂಗಿನ ಗರಿ ತುರುಕುವ ಸದ್ದಿಗೇ ಎಚ್ಚರ ಆಗುತ್ತಿತ್ತು. ಬಾವಿ ಪಕ್ಕದ ಹಲಸಿನ ಮರ ನೆನಪಿದೆಯಾ?

ಅಕ್ಕ: ಬಾವಿ ಪಕ್ಕ ಇದ್ದದ್ದು ನುಗ್ಗೆ. ಹಲಸು ಕೊಟ್ಟಿಗೆ ಹಿಂದೆ.

ಮರದ ಮೇಲೇ ಸುಮಾರು ಹೊತ್ತು ಹೋಯಿತು. ಆಮೇಲೆ ಅಣ್ಣ, ಹಿತ್ತಲ ಕೋಣೆಗೆ ನಮ್ಮನ್ನು ಯಾಕೆ ಬಿಡುತ್ತಿರಲಿಲ್ಲ ಎಂದು ಕೇಳಿದ. ದೊಡ್ಡಪ್ಪನ ತಂಗಿ, ನಮ್ಮ ಅತ್ತೆ, ಗುಂಪಿನಲ್ಲಿ ಬರೆಯುವುದೇ ಅಪರೂಪ. ಬರೆದರು.

ಅತ್ತೆ: ಅಲ್ಲಿ ನಮ್ಮ ಸಣ್ಣ ತಮ್ಮ ಇರುತ್ತಿದ್ದ. ಎಸ್‌ಎಸ್‌ಎಲ್‌ಸಿ ಫೇಲಾದ ಮೇಲೆ ಆಚೆ ಬರುವುದನ್ನೇ ಬಿಟ್ಟ. ಅವನನ್ನೂ ಐದಕ್ಕೇ ಎಬ್ಬಿಸುತ್ತಿದ್ದರು. ಎದ್ದು ಗೋಡೆ ನೋಡುತ್ತಾ ಕೂರುತ್ತಿದ್ದ. ತಾಯಿತ ಕಟ್ಟಿಸಿದರು, ಸೋಮಾರಿ ಅಂದರು, ಹೊಡೆದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸು ಅಂತ ನಿನಗೆ ಕಾಗದ ಬರೆದಿದ್ದೆ ಅಣ್ಣ. ನೀನು ಉತ್ತರ ಹಾಕಲಿಲ್ಲ.

ದೊಡ್ಡಪ್ಪ: ಅದು ಬೇರೆ ವಿಷಯ. ಗುಂಪಿನಲ್ಲಿ ಮಕ್ಕಳೂ ಇದ್ದಾರೆ.

ಅತ್ತೆ: ಇದ್ದಾರೆ ಅಂತಲೇ ಹೇಳಿದೆ.

ಭಾವ: ಹಾಗಾದರೆ ನಿಮ್ಮ ಕಾಲದಲ್ಲೂ ಇತ್ತಲ್ಲ ಮಾವ.

ಭಾವ ಹೇಳಿದ್ದು ನಿಜ. ಆದರೆ ಆ ಗಳಿಗೆಯಲ್ಲಿ ಹೇಳಬಾರದಿತ್ತು. ದೊಡ್ಡಪ್ಪ ಮತ್ತೆ ಕೊರೊನಾ ಕಷಾಯಕ್ಕೆ ಹೋದರು. ಅಲ್ಲಿಂದ ಭಾವನ ಮನೆ ಗೃಹಪ್ರವೇಶಕ್ಕೆ. ತಮ್ಮನ್ನು ಸರಿಯಾಗಿ ಕರೆಯಲಿಲ್ಲ, ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸಿದರು ಅಂತ.

ನಾನು ಆಗ ಫಾರ್ವರ್ಡನ್ನು ಪೂರ್ತಿ ತೆರೆದೆ. ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು. "ವೈದ್ಯರು ಕೊಟ್ಟ ಮಾತ್ರೆಗಳನ್ನು ಇಂದೇ ನಿಲ್ಲಿಸಿ. 21 ದಿನದಲ್ಲಿ ಮಗು ಸರಿಹೋಗುತ್ತದೆ."

ನಾನು: ದಯವಿಟ್ಟು ಎಲ್ಲರೂ ಕೊನೆಯ ಸಾಲು ಓದಿ. ಖಿನ್ನತೆಯ ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ತಲೆಸುತ್ತು, ನಿದ್ದೆಗೇಡು, ತಳಮಳ ಶುರುವಾಗಬಹುದು. ಕಾಯಿಲೆ ತಿರುಗಿ ಬರಬಹುದು. ನಿಲ್ಲಿಸುವುದಿದ್ದರೂ ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾರೆ. ಇದು ಎಷ್ಟು ಮನೆಗೆ ಹೋಗಿದೆಯೋ. ಚಿಕ್ಕಮ್ಮ, ಇಲ್ಲಿ ಡಿಲೀಟ್ ಮಾಡಿ. ಬೇರೆ ಗುಂಪಿಗೆ ಕಳಿಸಿದ್ದರೆ ಅಲ್ಲೂ ಮಾಡಿ.

ನಾನು: ನಿದ್ದೆ ವಿಷಯ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ರಾತ್ರಿ ನಿದ್ದೆ ಬರುವುದು ತಡ, ಬೆಳಿಗ್ಗೆ ಏಳುವುದೂ ತಡ. ಕಾಲೇಜು, ಸಿಇಟಿ ಕೋಚಿಂಗ್ ಮುಗಿಸಿ ಹನ್ನೆರಡಕ್ಕೆ ಮಲಗುವ ಹುಡುಗಿಯನ್ನು ಐದಕ್ಕೆ ಎಬ್ಬಿಸಿದರೆ ಉಳಿಯುವುದು ಐದೇ ಗಂಟೆ. ರಾತ್ರಿ ಮೊಬೈಲ್ ಪಕ್ಕಕ್ಕಿಟ್ಟು ಬೇಗ ಮಲಗುವುದು ಒಳ್ಳೆಯದೇ, ಅದನ್ನು ನಾನೂ ಹೇಳುತ್ತೇನೆ. ಆದರೆ ಅದನ್ನು ಅವಳ ಜೊತೆ ಕೂತು ಮಾತಾಡಿ ಮಾಡಬೇಕು.

ನಾನು: ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಕಾಣಬೇಕಿಲ್ಲ, ಸಿಡುಕಾಗಿಯೂ ಕಾಣಬಹುದು. ಎರಡು ವಾರಕ್ಕಿಂತ ಜಾಸ್ತಿ ದಿನ ಹಾಗೇ ಇದ್ದರೆ, ಇಷ್ಟದ ಕೆಲಸ ಬಿಟ್ಟರೆ, ಊಟ ಬಿಟ್ಟರೆ, ಗೆಳತಿಯರ ಜೊತೆ ಮಾತು ಬಿಟ್ಟರೆ ಸುಮ್ಮನಿರಬೇಡಿ. ಬದುಕುವುದೇ ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 14416 ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕಿರುವ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ದೊಡ್ಡಪ್ಪ: ಈಗ ಮಕ್ಕಳು ನಮಗೇ ಪಾಠ ಹೇಳುವ ಕಾಲ.

ಭಾವ: ಎರಡು ವಾರ ಅನ್ನುವುದು ಎಲ್ಲಿಂದ ಬಂತು? ಲಿಂಕ್ ಇದ್ದರೆ ಹಾಕು.

ಅಣ್ಣ: ಹಲಸಿನ ಮರದ ಫೋಟೊ ಸಿಕ್ಕಿತು ನೋಡಿ!

ಫೋಟೊದಲ್ಲಿ ಕೊಟ್ಟಿಗೆಯೂ ಇತ್ತು, ಬಾವಿಯೂ ಇತ್ತು. ಗುಂಪು ಅತ್ತ ಹೋಯಿತು. ನಾನು ಭಾವನಿಗೆ ವೈದ್ಯರು ಖಿನ್ನತೆಯನ್ನು ಗುರುತಿಸಲು ಬಳಸುವ ಅಳತೆಯೇ ಅದು ಎಂದು ಬರೆದೆ. ಅವರು ಓದಿದರು. ದೊಡ್ಡಪ್ಪ ಓದಿದರೋ ಇಲ್ಲವೋ ಗೊತ್ತಾಗಲಿಲ್ಲ. ಅತ್ತೆಯ ಮಾತಿಗೆ ಅವರು ಉತ್ತರ ಕೊಡದೆ ಹೋದದ್ದು ನನಗೆ ತುಂಬಾ ನೋವಾಯಿತು. ನಮ್ಮ ಮನೆಯಲ್ಲಿ ಆ ಕೋಣೆಯ ಬಗ್ಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಆ ಕೋಣೆಯಲ್ಲಿದ್ದ ಚಿಕ್ಕಪ್ಪನ ಕಾಯಿಲೆಗೆ ಹೆಸರೇನಿತ್ತೋ ಹೇಳಲಾರೆ. ಆದರೆ ಅವರನ್ನು ವೈದ್ಯರಿಗೆ ತೋರಿಸಬೇಕಿತ್ತು.

ಮಧ್ಯಾಹ್ನ ಚಿಕ್ಕಮ್ಮ ಫಾರ್ವರ್ಡ್ ಅಳಿಸಿದರು. ಆಮೇಲೆ ನನಗೊಬ್ಬಳಿಗೇ ಬರೆದರು.

ಚಿಕ್ಕಮ್ಮ: ಆ ನಂಬರಿಗೆ ಅವಳೇ ಮಾಡಬೇಕಾ? ಕೇಳಿದರೆ ರೇಗುತ್ತಾಳೆ ಅಂತ ಭಯ.

ನಾನು: ನೀವೇ ಮಾಡಬಹುದು ಚಿಕ್ಕಮ್ಮ. ಮಗಳ ಬಗ್ಗೆ ಕೇಳಬೇಕು ಅನ್ನಿ. ಅವಳನ್ನು ಹೇಗೆ ಮಾತಾಡಿಸಬೇಕು ಅಂತಲೂ ಕೇಳಿ.

ಚಿಕ್ಕಮ್ಮ: ದೊಡ್ಡಪ್ಪನಿಗೆ ಹೇಳಬೇಡ.

ನಾನು: ಹೇಳಲ್ಲ. ಬೇಕಾದರೆ ನಾಳೆ ಸ್ಕೂಲು ಬಿಟ್ಟ ಮೇಲೆ ನಿಮ್ಮ ಮನೆಗೆ ಬರುತ್ತೇನೆ. ಜೊತೆಗೆ ಕೂತು ಮಾಡೋಣ.