ಕ್ಯೂಒ-100: ಡಿಶ್ ಸರಿಯಾಗೇ ಇದೆ, ಆದ್ರೂ ನ್ಯಾರೋಬ್ಯಾಂಡ್ ಬೀಕನ್ ಸಿಗ್ತಿಲ್ಲ

ತಾರಸಿ_ಡಿಶ್
ತಲೆ ಕೆಟ್ಟುಹೋಗಿದೆ. ಹ್ಯಾಮ್‌ಗಳ ಸಿಗ್ನಲ್ ಮರುಪ್ರಸಾರ ಮಾಡುವ ಟ್ರಾನ್ಸ್‌ಪಾಂಡರ್‌ಗಳಿರುವ ಉಪಗ್ರಹ ಕ್ಯೂಒ-100 ಕೇಳೋಕೆ ಹೊರಟಿದ್ದೆ. 60 ಸೆಂ.ಮೀ. ಡಿಟಿಎಚ್ ಡಿಶ್, ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದಿನ ರಿಸೀವರ್ ತಲೆ), ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್). ಊರು ಬೆಂಗಳೂರು. 739.750 ಮೆಗಾಹರ್ಟ್ಸ್‌ನಲ್ಲಿ ಬೀಕನ್, ಅಂದ್ರೆ ಉಪಗ್ರಹದ ಗುರುತಿನ ಸಿಗ್ನಲ್, ಬರಬೇಕು ಅಂತಾರೆ, ಅಲ್ಲಿ ಕಂಡೂ ಕಾಣದ ಹಾಗೆ ಒಂದು ಗೆರೆ ಅಷ್ಟೆ. ಬಲಕ್ಕೆ 740.6ರಿಂದ ಆಚೆ ಅಗಲವಾದ ದಿಬ್ಬ ಇದೆ, ಯಾವುದೋ ಟಿವಿ ಚಾನೆಲ್ ಇರಬೇಕು. ಎಲ್‌ಎನ್‌ಬಿ ಕೆಟ್ಟಿದೆಯಾ?

ಕ್ರಿಸ್ಟಲ್_ರಾವ್
ಕೆಟ್ಟಿಲ್ಲ, ಎಲ್‌ಒ (ಎಲ್‌ಎನ್‌ಬಿ ಒಳಗಿನ ಆಸಿಲೇಟರ್, ಉಪಗ್ರಹದ ಆವರ್ತನದಿಂದ 9750 ಮೆಗಾಹರ್ಟ್ಸ್ ಕಳೆದು ಕೆಳಗಿಳಿಸುತ್ತೆ) ಜಾರಿದೆ. ಪಿಎಲ್‌ಎಲ್ ಎಲ್‌ಎನ್‌ಬಿಯಲ್ಲಿ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಅದನ್ನು 390 ಪಟ್ಟು ಮಾಡಿ 9750 ತರುತ್ತಾರೆ. ಕ್ರಿಸ್ಟಲ್ 100 ಹರ್ಟ್ಸ್ ತಪ್ಪಿದರೆ ಮೇಲೆ 39 ಕಿಲೋಹರ್ಟ್ಸ್ ತಪ್ಪುತ್ತೆ. ಹಳೇ ಡಿಆರ್‌ಒ (ಕ್ರಿಸ್ಟಲ್ ಇಲ್ಲದ) ಎಲ್‌ಎನ್‌ಬಿ ಆದರೆ ಬಿಸಿಲಿಗೆ ಇನ್ನೂ ಜಾಸ್ತಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಅಕ್ಕಪಕ್ಕ 1 ಮೆಗಾಹರ್ಟ್ಸ್ ಹುಡುಕಿ.

ತಾರಸಿ_ಡಿಶ್
ಹುಡುಕಿದೆ ಸರ್. ಅದೇ ಮಸುಕು ಗೆರೆ.

ಕ್ರಿಸ್ಟಲ್_ರಾವ್
ಹಾಗಾದ್ರೆ ಕ್ರಿಸ್ಟಲ್ ತೆಗೆದು ಜಿಪಿಎಸ್‌ಡಿಒದಿಂದ (ಜಿಪಿಎಸ್‌ಗೆ ಕಟ್ಟಿದ ನಿಖರ ಆಸಿಲೇಟರ್) 25 ಮೆಗಾಹರ್ಟ್ಸ್ ಕೊಡಿ. ನನ್ನ ಸೆಟಪ್‌ನಲ್ಲಿ ಬೀಕನ್ ಇಡೀ ದಿನ ಅಲುಗಾಡಲ್ಲ.

ಕಡಲ್ತೀರ
ಮಾರಾಯ್ರೆ, ಕೇಳೋದಕ್ಕೇ ಜಿಪಿಎಸ್‌ಡಿಒ ಯಾಕೆ? ಮಧ್ಯದ ಬೀಕನ್ ನೋಡಿ ಸಾಫ್ಟ್‌ವೇರ್‌ನಲ್ಲೇ ತಿದ್ದಿಕೊಂಡರೆ ಎಸ್‌ಎಸ್‌ಬಿಗೆ (ಹ್ಯಾಮ್‌ಗಳ ಧ್ವನಿ ಪ್ರಸಾರದ ವಿಧಾನ) ಸಾಕು.

ಕ್ರಿಸ್ಟಲ್_ರಾವ್
ಸಾಕಾಗಲ್ಲ. ಅಪ್‌ಲಿಂಕ್ (ಉಪಗ್ರಹಕ್ಕೆ ಸಿಗ್ನಲ್ ಕಳಿಸೋದು) ಶುರು ಮಾಡಿದ ದಿನ ಗೊತ್ತಾಗುತ್ತೆ.

ಇಳಿಜಾರು
ಇಬ್ಬರೂ ಆ ದಿಬ್ಬ ನೋಡಿ. ಅದು ವೈಡ್‌ಬ್ಯಾಂಡ್ ಟ್ರಾನ್ಸ್‌ಪಾಂಡರಿನ ಡಿಎಟಿವಿ (ಹ್ಯಾಮ್‌ಗಳ ಡಿಜಿಟಲ್ ಟಿವಿ) ಬೀಕನ್, 10491.5 ಮೆಗಾಹರ್ಟ್ಸ್‌ನಲ್ಲಿ, 1.5 ಮೆಗಾಸಿಂಬಲ್. ಅದರ ಎಡ ಅಂಚು 740.6ರಲ್ಲೇ ಇರಬೇಕು, ಅಲ್ಲೇ ಇದೆ. ಎಲ್‌ಒ ಜಾರಿದ್ದರೆ ಅದೂ ಜೊತೆಗೆ ಜಾರುತ್ತಿತ್ತು. ದಿಬ್ಬ ಹಾರಿಜಾಂಟಲ್, ನ್ಯಾರೋಬ್ಯಾಂಡ್ ವರ್ಟಿಕಲ್. ಒಂದು ಜೋರು, ಇನ್ನೊಂದು ಮಸುಕು ಅಂದರೆ ತೊಂದರೆ ಇರೋದು ಪೋಲರೈಸೇಶನ್‌ನಲ್ಲಿ (ಅಲೆ ಕಂಪಿಸುವ ದಿಕ್ಕು). ಎಲ್‌ಎನ್‌ಬಿ 12-13 ವೋಲ್ಟ್‌ಗೆ ವರ್ಟಿಕಲ್, 18ಕ್ಕೆ ಹಾರಿಜಾಂಟಲ್ ಆರಿಸುತ್ತೆ. ನೀವು ಎಷ್ಟು ವೋಲ್ಟ್ ಕೊಡ್ತಿದ್ದೀರಿ? ಎಫ್ ಕನೆಕ್ಟರ್ ಯಾವ ಕಡೆ ಇದೆ?

ತಾರಸಿ_ಡಿಶ್
12 ವೋಲ್ಟ್ ಅಡಾಪ್ಟರ್, ಪವರ್ ಇನ್ಸರ್ಟರ್ (ಕೇಬಲ್‌ಗೆ ಡಿಸಿ ಸೇರಿಸುವ ಪೆಟ್ಟಿಗೆ) ಮೂಲಕ. ಕನೆಕ್ಟರ್ ನೇರ ಕೆಳಗೆ, ಎಲ್ಲರ ಮನೆ ಡಿಶ್‌ನಲ್ಲಿ ಇರೋ ಹಾಗೆ.

ಇಳಿಜಾರು
ಅದೇ ಕಾರಣ. ಉಪಗ್ರಹ 25.9 ಡಿಗ್ರಿ ಪೂರ್ವದಲ್ಲಿದೆ. ಬೆಂಗಳೂರಿಂದ ಅಜಿಮತ್ (ಉತ್ತರದಿಂದ ಅಳೆದ ದಿಕ್ಕು) ಸುಮಾರು 260, ಎತ್ತರ 30 ಡಿಗ್ರಿ. ಅಷ್ಟು ಪಶ್ಚಿಮಕ್ಕೆ ಹೋದಾಗ ಅದರ ‘ವರ್ಟಿಕಲ್’ ನಮಗೆ ಸುಮಾರು 74 ಡಿಗ್ರಿ ಓರೆಯಾಗಿ ಬರುತ್ತೆ. ಎಲ್‌ಎನ್‌ಬಿ ತಿರುಗಿಸದೆ 12-13 ವೋಲ್ಟ್ ಕೊಟ್ಟರೆ 11 ಡಿಬಿ ನಷ್ಟ.

ಡಿಶ್ ಹಿಂದೆ, ಉಪಗ್ರಹದ ಕಡೆ ಮುಖ ಮಾಡಿ ನಿಲ್ಲಿ. 12 ವೋಲ್ಟೇ ಇಟ್ಟುಕೊಳ್ಳೋದಾದ್ರೆ ಎಲ್‌ಎನ್‌ಬಿಯನ್ನು ಗಡಿಯಾರದ ದಿಕ್ಕಿಗೆ 74 ಡಿಗ್ರಿ ತಿರುಗಿಸಿ. ಆರು ಗಂಟೆಯಲ್ಲಿದ್ದ ಕನೆಕ್ಟರ್ ಎಂಟೂವರೆಗೆ, ಅಂದ್ರೆ ದಕ್ಷಿಣದ ಕಡೆಗೆ ಬರುತ್ತೆ. ಅಷ್ಟು ತಿರುಗಲು ಕ್ಲಾಂಪ್ ಬಿಡದಿದ್ದರೆ 18 ವೋಲ್ಟ್ ಕೊಟ್ಟು, ಗಡಿಯಾರಕ್ಕೆ ವಿರುದ್ಧ 16 ಡಿಗ್ರಿ ಮಾತ್ರ ತಿರುಗಿಸಿ. 22 ಕಿಲೋಹರ್ಟ್ಸ್ ಟೋನ್ ಬೇಡ, ಕೊಟ್ಟರೆ ಎಲ್‌ಒ 10600ಕ್ಕೆ ಹೋಗುತ್ತೆ.

ಕಡಲ್ತೀರ
18 ವೋಲ್ಟ್ ಹಾಕುವ ಮುಂಚೆ ಇನ್ಸರ್ಟರಿನ ಡಾಂಗಲ್ ಕಡೆಯ ಪೋರ್ಟನ್ನು ಮಲ್ಟಿಮೀಟರ್‌ನಲ್ಲಿ ನೋಡಿ, ಸೊನ್ನೆ ವೋಲ್ಟ್ ಇರ್ಬೇಕು. ಡಿಸಿ ಬ್ಲಾಕ್ ಇಲ್ಲದಿದ್ದರೆ ಡಾಂಗಲ್ ಸುಡ್ತದೆ. ಹುಬ್ಬಳ್ಳಿಯವರಿಗೆ ಓರೆ 70 ಡಿಗ್ರಿಯ ಹತ್ತಿರ, ಊರು ಬದಲಾದ್ರೆ ಲೆಕ್ಕ ಹಾಕಿಕೊಳ್ಳಿ.

ಕ್ರಿಸ್ಟಲ್_ರಾವ್
ಪೋಲರೈಸೇಶನ್ ಸರಿಮಾಡಿದ ಮೇಲೂ ಡ್ರಿಫ್ಟ್ ಇದ್ದೇ ಇರುತ್ತೆ. ರೆಫರೆನ್ಸ್ ಹಾಕಿದವರಿಗೆ ಮಾತ್ರ ನೆಮ್ಮದಿ.

ಇಳಿಜಾರು
ಅದನ್ನು ಆಮೇಲೆ ನೋಡೋಣ. ತಾರಸಿಯವರೇ, ತಿರುಗಿಸುವಾಗ ಬೀಕನ್ ಎಲ್ಲಿ ಜೋರು ಅಂತ ಹುಡುಕಬೇಡಿ, ಹತ್ತು ಡಿಗ್ರಿ ಆಚೀಚೆ ಆದರೂ ವ್ಯತ್ಯಾಸ ಗೊತ್ತಾಗಲ್ಲ. ದಿಬ್ಬ ಯಾವ ಕೋನದಲ್ಲಿ ಪೂರ್ತಿ ಮುಳುಗುತ್ತೆ ನೋಡಿ. ಆ ತಗ್ಗು ತುಂಬಾ ಚೂಪು, ಅಲ್ಲೇ ಕ್ಲಾಂಪ್ ಬಿಗಿ ಮಾಡಿ.

ಹೊಸ_ಕಿವಿ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಇದೇ ಡಿಶ್‌ನಲ್ಲಿ ಬಾಹ್ಯಾಕಾಶದ ಹೈಡ್ರೋಜನ್ ಹೊಮ್ಮಿಸುವ ರೇಡಿಯೋ ಗೆರೆ, 1420.4 ಮೆಗಾಹರ್ಟ್ಸ್ ಸಿಗುತ್ತಾ?

ಕಡಲ್ತೀರ
ಈ ಎಲ್‌ಎನ್‌ಬಿಯಲ್ಲಿ ಇಲ್ಲ, ಅದು 10.7 ಗಿಗಾಹರ್ಟ್ಸ್ ಆಸುಪಾಸಿಂದ ಮೇಲಕ್ಕೆ ಮಾಡಿದ್ದು. 21 ಸೆಂ.ಮೀ. ಅಲೆಗೆ 60 ಸೆಂ.ಮೀ. ಡಿಶ್ ತೀರಾ ಚಿಕ್ಕದು ಕೂಡ. ಆದ್ರೆ ಸೂರ್ಯನ ನಾಯ್ಸ್ ಇದರಲ್ಲೇ ಚೆನ್ನಾಗಿ ಅಳೆಯಬಹುದು. ಬೇರೆ ಚರ್ಚೆ ತೆರೀರಿ, ಅಲ್ಲಿ ಹೇಳ್ತೇನೆ.